ಗಾಜಿನ ಭರಣಿಯ ಗಿಡಕ್ಕೆ ದಿನಾ ನೀರು ಬೇಡ, ಗಾಳಿ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಗಾಜಿನ ಭರಣಿಯೊಳಗೆ ಪುಟ್ಟ ತೋಟ ಮಾಡುವ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಮನೆಯೊಳಗೆ ಹಸಿರು ಇಟ್ಟುಕೊಳ್ಳಿ ಅಂತ ಯಾರು ಹೇಳಿದರೂ ನನಗೆ ಖುಷಿಯೇ. ಆದರೆ ಲೇಖನದ ಕೊನೆಯಲ್ಲಿ ಚೌಕ ಹಾಕಿ ಕೊಟ್ಟ ಮೂರು ಸಲಹೆಗಳನ್ನು ಓದಿ ಸಂಕಟವಾಯಿತು. ತಳದಲ್ಲಿ ಕಲ್ಲು ಹಾಕಿದರೆ ಹೆಚ್ಚಿನ ನೀರು ಬಸಿದು ಹೋಗುತ್ತದೆ ಎಂಬುದು ಒಂದು. ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡಗಳಿಗೆ ಆರೈಕೆ ಕಡಿಮೆ ಸಾಕು, ಹಾಗಾಗಿ ಭರಣಿಗೆ ಅವೇ ಒಳ್ಳೆಯದು ಎಂಬುದು ಇನ್ನೊಂದು. ದಿನಾ ಬೆಳಿಗ್ಗೆ ನೀರು ಸಿಂಪಡಿಸಿ ಮುಚ್ಚಳ ಹಾಕಿ ಎಂಬುದು ಮೂರನೆಯದು. ಈ ಮೂರನ್ನೂ ಒಟ್ಟಿಗೆ ಪಾಲಿಸಿದರೆ ಗಿಡ ಕೊಳೆಯದೆ ಬೇರೆ ದಾರಿಯೇ ಇಲ್ಲ. ಅದೂ ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ ಇದು ಅಚ್ಚಾಗಿದೆ. ಬರೆಯದೆ ಇರಲು ಆಗಲಿಲ್ಲ.

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಮನೆಯ ಹಿಂದೆ ಸಣ್ಣ ನರ್ಸರಿ ಇಟ್ಟುಕೊಂಡಿದ್ದೇನೆ. ಹೂವಿನ ಗಿಡ, ಜರಿಗಿಡ, ಒಳಾಂಗಣದ ಗಿಡ ಮಾರುತ್ತೇನೆ. ಕೇಳಿದವರಿಗೆ ಗಾಜಿನ ಭರಣಿಯಲ್ಲೂ ನೆಟ್ಟು ಕೊಡುತ್ತೇನೆ. ಅಂದರೆ ನಾನೂ ಇದೇ ವ್ಯಾಪಾರದವಳು. ಗಾಜಿನ ತೋಟ ಬೇಡ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಅದು ಬದುಕಬೇಕು ಅಂತ ಬರೆಯುತ್ತಿದ್ದೇನೆ.

ಈಚೆಗೆ ಗೃಹಪ್ರವೇಶಕ್ಕೆ, ಮದುವೆಗೆ, ಶಿಕ್ಷಕರ ದಿನಕ್ಕೆಲ್ಲ ಇಂಥ ಭರಣಿ ಉಡುಗೊರೆ ಕೊಡುವ ರೂಢಿ ಬಂದಿದೆ. ಪೇಟೆಯಿಂದ ತಂದದ್ದು, ಆನ್‌ಲೈನ್‌ನಲ್ಲಿ ತರಿಸಿದ್ದು, ಎಲ್ಲವೂ ಸ್ವಲ್ಪ ದಿನಕ್ಕೆ ನನ್ನ ಅಂಗಳಕ್ಕೆ ಬರುತ್ತವೆ, ಕಾಯಿಲೆ ಬಿದ್ದು. ಮೊನ್ನೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅಂಥದೊಂದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದಳು. "ಅಕ್ಕಾ, ಅವ್ರು ಬರೆದುಕೊಟ್ಟ ಹಾಗೇ ದಿನಾ ನೀರು ಸ್ಪ್ರೇ ಮಾಡ್ತಿದ್ದೆ. ಒಂದಿನಾನೂ ತಪ್ಪಿಸಿಲ್ಲ. ಆದ್ರೂ ಹೀಗಾಯ್ತಲ್ಲ" ಎಂದಳು. ಕಣ್ಣಲ್ಲಿ ನೀರು ನಿಂತಿತ್ತು. ಗೆಳತಿ ಕೊಟ್ಟ ಉಡುಗೊರೆಯಂತೆ.

ಮುಚ್ಚಳ ತೆಗೆದ ಕೂಡಲೇ ಅನ್ನ ಹಳಸಿದ ಹಾಗೆ ಹುಳಿ ವಾಸನೆ ಬಂತು. ಒಳಗೆ ಎಚೆವೇರಿಯಾ ಅನ್ನುವ ಒಂದು ಸಕ್ಯುಲೆಂಟ್, ಫಿಟ್ಟೋನಿಯಾ ಅನ್ನುವ ತೇವ ಪ್ರೀತಿಯ ಒಂದು ಗಿಡ, ಸುತ್ತ ಹಸಿರು ಪಾಚಿ. ಎಚೆವೇರಿಯಾದ ಕೆಳಗಿನ ಎಲೆಗಳು ಹಳದಿಯಾಗಿ, ಆಚೆಯ ಬೆಳಕು ಕಾಣುವಷ್ಟು ನೀರು ತುಂಬಿಕೊಂಡು, ಮುಟ್ಟಿದರೆ ಕಳಚಿ ಬೀಳುತ್ತಿದ್ದವು. ಫಿಟ್ಟೋನಿಯಾದ ಕಾಂಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿ ಸೊರಗಿ ಮಗ್ಗುಲಿಗೆ ಬಿದ್ದಿತ್ತು. ಪಾಚಿಯ ಮೇಲೆ ಬೂದು ಬಣ್ಣದ ಬಲೆ. ತಳದ ಬಿಳಿ ಕಲ್ಲುಗಳ ನಡುವೆ ನೀರು ನಿಂತಿತ್ತು, ಗಾಜಿನ ಹೊರಗಿನಿಂದಲೇ ಕಾಣುತ್ತಿತ್ತು. ಒಂದು ಬೇರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಕಂದು ಸಿಪ್ಪೆ ಜಾರಿ ಬೆರಳಿಗೆ ಬಂತು, ಒಳಗಿನ ದಾರದಂಥ ಎಳೆ ಮಾತ್ರ ಮಣ್ಣಲ್ಲಿ ಉಳಿಯಿತು. ಬೇರು ಕೊಳೆತಿದೆ ಅನ್ನೋದಕ್ಕೆ ಇದಕ್ಕಿಂತ ಗುರುತು ಬೇಡ.

ಆ ಹುಡುಗಿಯದು ಏನೂ ತಪ್ಪಿರಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಹೇಳಿಕೊಟ್ಟದ್ದೇ ಸರಿ ಇರಲಿಲ್ಲ.

ಮಣ್ಣಿನ ಕುಂಡದಲ್ಲಿ ಗಿಡಕ್ಕೆ ನೀರು ಜಾಸ್ತಿ ಹಾಕಿದರೂ ಅದು ಹೇಗೋ ಹೊರಗೆ ಹೋಗುತ್ತದೆ. ತಳದಲ್ಲಿ ತೂತಿದೆ. ಕುಂಡದ ಮೈ ನೀರು ಹೀರಿ ಆರಿಸುತ್ತದೆ. ಮೇಲ್ಮಣ್ಣು ಬಿಸಿಲು, ಗಾಳಿಗೆ ಒಣಗುತ್ತದೆ. ಉಳಿದದ್ದನ್ನು ಗಿಡ ಎಲೆಯ ಮೂಲಕ ಆವಿ ಮಾಡಿ ಬಿಡುತ್ತದೆ. ಗಾಜಿನ ಭರಣಿಯಲ್ಲಿ ತೂತಿಲ್ಲ. ಗಾಜು ನೀರು ಹೀರುವುದಿಲ್ಲ. ಮುಚ್ಚಳ ಹಾಕಿದ ಮೇಲೆ ಆವಿಗೂ ದಾರಿಯಿಲ್ಲ. ಇವತ್ತು ಹಾಕಿದ ಒಂದು ಚಮಚ ನೀರು ನಾಳೆಯೂ ಅಲ್ಲೇ, ನಾಡಿದ್ದೂ ಅಲ್ಲೇ. ಅದರ ಮೇಲೆ ದಿನಾ ಸಿಂಪಡಿಸುತ್ತಾ ಹೋದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ಎಲೆಯಿಂದ ಆವಿ ಹೊರಡುವುದು ಸುತ್ತಲಿನ ಗಾಳಿ ಒಣಗಿದ್ದಾಗ. ಹಾಗೆ ಆವಿ ಹೊರಟಾಗಲೇ ಬೇರು ಕೆಳಗಿನಿಂದ ನೀರು ಎಳೆಯುತ್ತದೆ. ಭರಣಿಯೊಳಗಿನ ಗಾಳಿ ತೇವದಿಂದ ತುಂಬಿಹೋದರೆ ಆ ಎಳೆತ ನಿಲ್ಲುತ್ತದೆ. ಆಗ ಮಣ್ಣಿನಲ್ಲಿದ್ದ ನೀರು ಮಣ್ಣಿನಲ್ಲೇ ಉಳಿಯುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರು ಹಿಡಿಯುತ್ತದೆ. ಬೇರೂ ಉಸಿರಾಡುತ್ತದೆ ಅನ್ನೋದನ್ನು ನಾವು ಮರೆಯುತ್ತೇವೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರು ಉಸಿರುಗಟ್ಟಿ ಸೋತ ಹೊತ್ತಿಗೆ ಪಿಥಿಯಂನಂಥ ಕೊಳೆರೋಗದ ಜೀವಿಗಳು ಬರುತ್ತವೆ. ಅವುಗಳ ಬೀಜಕಣಗಳು ನೀರಿನಲ್ಲಿ ಈಜಿ ಬೇರಿಂದ ಬೇರಿಗೆ ಹೋಗಬಲ್ಲವು. ಮೇಲೆ ಗಿಡ ಬಾಡಿದ ಹಾಗೆ ಕಾಣುತ್ತದೆ. ಬಾಡಿದೆ ಅಂತ ಜನ ಇನ್ನಷ್ಟು ನೀರು ಹಾಕುತ್ತಾರೆ. ನನ್ನ ಕೈಗೆ ಬರುವ ಭರಣಿಗಳಲ್ಲಿ ಹೆಚ್ಚಿನವು ಹಾಳಾಗಿರುವುದು ಇಲ್ಲೇ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಇದು ಎಲ್ಲರ ಬಾಯಲ್ಲೂ ಇರುವ ನಂಬಿಕೆ. ನಯವಾದ ಮಣ್ಣಿನಿಂದ ನೀರು ಕೆಳಗಿನ ದಪ್ಪ ಕಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು, ಇನ್ನು ಹಿಡಿದುಕೊಳ್ಳಲು ಆಗದು ಅನ್ನುವವರೆಗೆ ನೀರು ಮಣ್ಣಲ್ಲೇ ನಿಲ್ಲುತ್ತದೆ. ಅಷ್ಟಾದ ಮೇಲೆ ಉಳಿದದ್ದು ಕಲ್ಲಿನ ಸಂದಿಗೆ ಇಳಿಯುತ್ತದೆ. ಇಳಿದದ್ದಾದರೂ ಎಲ್ಲಿಗೆ ಹೋಗಬೇಕು? ಕೆಳಗೆ ಗಾಜು. ಕಲ್ಲಿನ ಪದರ ಹಾಕುವುದರಿಂದ ಒಂದೇ ಲಾಭ, ನೀರು ಎಷ್ಟು ನಿಂತಿದೆ ಅಂತ ಹೊರಗಿನಿಂದ ನೋಡಬಹುದು. ನಾನೂ ಅದಕ್ಕಾಗಿ ತೆಳ್ಳಗೆ ಹಾಕುತ್ತೇನೆ. ಅಲ್ಲಿ ನೀರು ಕಂಡರೆ ಆಗಲೇ ಜಾಸ್ತಿಯಾಗಿದೆ ಅಂತ ಅರ್ಥ. ಇದ್ದಿಲಿನ ಚೂರು ಹಾಕಿದರೂ ಅಷ್ಟೇ. ವಾಸನೆ ಸ್ವಲ್ಪ ತಗ್ಗಬಹುದು, ನಿಂತ ನೀರನ್ನು ಅದು ಖಾಲಿ ಮಾಡುವುದಿಲ್ಲ.

ಇನ್ನು ಸಕ್ಯುಲೆಂಟ್. ಎಚೆವೇರಿಯಾ, ಜೇಡ್, ಲೋಳೆಸರ, ಕಳ್ಳಿ, ಇವೆಲ್ಲ ಒಣ ನೆಲದ ಗಿಡಗಳು. ದಪ್ಪ ಎಲೆ, ದಪ್ಪ ಕಾಂಡ ಇರುವುದೇ ನೀರು ಕೂಡಿಟ್ಟುಕೊಳ್ಳಲು. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದರೆ ಇವು ನೀರು ಉಳಿಸಲು ರಾತ್ರಿ ತೆರೆಯುತ್ತವೆ. ಅಷ್ಟು ಜಿಪುಣ ಗಿಡವನ್ನು ಸದಾ ಬೆವರುವ ಗಾಜಿನೊಳಗೆ, ಪಾಚಿಯ ಪಕ್ಕ ನೆಡುವುದು ಅನ್ಯಾಯ. ಪಾಚಿಗೆ ಬೇಕಾದಷ್ಟು ತೇವ ಕೊಟ್ಟರೆ ಸಕ್ಯುಲೆಂಟ್ ಕೊಳೆಯುತ್ತದೆ, ಸಕ್ಯುಲೆಂಟ್‌ಗೆ ಬೇಕಾದ ಹಾಗೆ ಒಣಗಿಸಿದರೆ ಪಾಚಿ ಸುಟ್ಟುಹೋಗುತ್ತದೆ. ಎರಡೂ ಒಂದೇ ಭರಣಿಯಲ್ಲಿ ಚಂದ ಕಾಣುವುದು ಮಾರುವ ದಿನ ಮಾತ್ರ. ಇದನ್ನು ಮಾರುವವರಿಗೂ ಗೊತ್ತಿರುತ್ತದೆ. ನನಗೆ ಬೇಜಾರಾಗುವುದು ಅದಕ್ಕೇ.

ಹಾಗಾದರೆ ಮುಚ್ಚಿದ ಗಾಜಿನಲ್ಲಿ ಗಿಡ ಬದುಕುವುದೇ ಇಲ್ಲವಾ? ಖಂಡಿತ ಬದುಕುತ್ತದೆ. ಈ ಪದ್ಧತಿ ಶುರುವಾದದ್ದೇ ಹಾಗೆ. ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್ ಅವರಿಗೆ ಜರಿಗಿಡಗಳೆಂದರೆ ಪ್ರಾಣ. ಆದರೆ ಊರಿನ ಕಲ್ಲಿದ್ದಲ ಹೊಗೆಗೆ ಅವರ ಅಂಗಳದಲ್ಲಿ ಒಂದೂ ಉಳಿಯುತ್ತಿರಲಿಲ್ಲ. 1829ರಲ್ಲಿ ಪತಂಗ ಹೊರಬರುವುದನ್ನು ನೋಡಬೇಕು ಅಂತ ಒಂದು ಕೋಶವನ್ನು ಹಸಿ ಮಣ್ಣಿನ ಜೊತೆ ಬಾಟಲಿಯಲ್ಲಿ ಹಾಕಿ ಮುಚ್ಚಿಟ್ಟರು. ಸ್ವಲ್ಪ ದಿನಕ್ಕೆ ಆ ಮಣ್ಣಿನಿಂದ ಜರಿಗಿಡವೂ ಹುಲ್ಲೂ ಮೊಳೆತು ಬಂದವು. ಹಗಲು ಮಣ್ಣಿನ ತೇವ ಮೇಲೆದ್ದು ಗಾಜಿಗೆ ಹಿಡಿಯುತ್ತಿತ್ತು, ಮತ್ತೆ ಇಳಿದು ಮಣ್ಣಿಗೆ ಸೇರುತ್ತಿತ್ತು. ಸುಮಾರು 4 ವರ್ಷ ಅವು ಹನಿ ನೀರಿಲ್ಲದೆ ಬದುಕಿದವು. ಕೊನೆಗೆ ಸತ್ತದ್ದು ಹೇಗೆ ಗೊತ್ತಾ? ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗೆ ಹೋಯಿತು. ಒಣಗಿ ಸಾಯಲಿಲ್ಲ, ನೀರು ಜಾಸ್ತಿಯಾಗಿ ಸತ್ತವು. ಈ ಒಂದು ಸಂಗತಿಯನ್ನು ಪ್ರತಿ ಭರಣಿಯ ಜೊತೆ ಹೇಳಿದರೆ ಅರ್ಧ ಗಿಡಗಳು ಉಳಿಯುತ್ತವೆ ಅಂತ ನನಗನಿಸುತ್ತದೆ.

ಮುಂದೆ 1833ರಲ್ಲಿ ವಾರ್ಡ್ ಅವರ ಗಾಜಿನ ಪೆಟ್ಟಿಗೆಗಳು ಗಿಡ ತುಂಬಿಕೊಂಡು ಹಡಗಿನಲ್ಲಿ ಸಿಡ್ನಿಗೆ ಹೋದವು, ಅಲ್ಲಿನ ಗಿಡಗಳನ್ನು ತುಂಬಿಕೊಂಡು ವಾಪಸ್ಸೂ ಬಂದವು. ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ. ನಮ್ಮ ಪಕ್ಕದ ನೀಲಗಿರಿಗೆ ದಕ್ಷಿಣ ಅಮೆರಿಕದಿಂದ ಸಿಂಕೋನಾ, ಅಂದರೆ ಮಲೇರಿಯಾದ ಮದ್ದು ಕ್ವಿನೈನ್ ಸಿಗುವ ಮರ, ಬಂದದ್ದೂ ಹೀಗೇ. ಆದರೆ ಬ್ರಿಟಿಷರ ಕ್ಲೆಮೆಂಟ್ಸ್ ಮಾರ್ಕಮ್ 1860ರಲ್ಲಿ ತಂದ ಮೊದಲ ಕಂತಿನ ಗಿಡಗಳು ಕೆಂಪು ಸಮುದ್ರದ ಸೆಕೆಗೆ ಸೋತವು, ಊಟಿಗೆ ಬಂದ ಮೇಲೆ ಉಳಿಯಲಿಲ್ಲ. ಮುಚ್ಚಿದ ಗಾಜು ತೇವ ಹಿಡಿದಿಡುವಷ್ಟೇ ಚೆನ್ನಾಗಿ ಶಾಖವನ್ನೂ ಹಿಡಿದಿಡುತ್ತದೆ. ನಮ್ಮವರು ಕಿಟಕಿಯ ಬಿಸಿಲಿಗೆ ಭರಣಿ ಇಡುವುದನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ನೇರ ಬಿಸಿಲಿಗೆ ಮುಚ್ಚಿದ ಭರಣಿ ಇಟ್ಟರೆ ಒಂದು ಮಧ್ಯಾಹ್ನ ಸಾಕು, ಎಲೆ ಬೆಂದುಹೋಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಇನ್ನೊಂದು ಚಿತ್ರ ಆಗಾಗ ಸುತ್ತುತ್ತಿರುತ್ತದೆ. ಇಂಗ್ಲೆಂಡಿನಲ್ಲಿ ಒಬ್ಬರು 1960ರಲ್ಲಿ ದೊಡ್ಡ ಗಾಜಿನ ಬುರುಡೆಯಲ್ಲಿ ಗಿಡ ನೆಟ್ಟು, 1972ರಲ್ಲಿ ಕೊನೆಯ ಸಲ ನೀರು ಹಾಕಿ ಮುಚ್ಚಿದ್ದು, ಈಗಲೂ ಹಸಿರಾಗಿದೆ ಅಂತ. 2013ರಲ್ಲಿ ಅದು ಪತ್ರಿಕೆಗಳಲ್ಲಿ ಬಂದಾಗ ಹಸಿರಾಗಿಯೇ ಇತ್ತು. ಆದರೆ ಅದನ್ನು ತೋರಿಸಿ "ನಮ್ಮದು ಯಾಕೆ ಹೋಯ್ತು" ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಅದು ಸುಮಾರು 45 ಲೀಟರಿನ ಪಾತ್ರೆ, ಉಪ್ಪಿನಕಾಯಿ ಭರಣಿಯಲ್ಲ. ಒಳಗೆ ಇದ್ದದ್ದು ಟ್ರಾಡೆಸ್ಕ್ಯಾಂಶಿಯಾ, ಅಂದರೆ ತೇವ ಸಹಿಸುವ ಬಳ್ಳಿ. ಇಟ್ಟದ್ದು ಕಿಟಕಿಯಿಂದ ಸುಮಾರು 6 ಅಡಿ ದೂರ, ತಂಪು ದೇಶದಲ್ಲಿ. ಮತ್ತು ಅವರು ದಿನಾ ಸಿಂಪಡಿಸಲಿಲ್ಲ.

ಈಗ ಗಾಳಿಯ ಮಾತು. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ತೇವ ಜಾಸ್ತಿ ಇರುವುದು ಬೇರೆ, ಗಾಳಿ ಆಡದಿರುವುದು ಬೇರೆ. ಇವೆರಡನ್ನೂ ಒಂದೇ ಅಂದುಕೊಳ್ಳುತ್ತೇವೆ. ನಮ್ಮ ಕಡೆ ಮಾವು, ಹಲಸಿನ ಮರಗಳ ಮೇಲೆ ಸೀತಾಳೆ ದಂಡೆ ಬೆಳೆಯುತ್ತದೆ. ಮಳೆಗಾಲದ ಬಾಗಿಲಲ್ಲಿ ತೂಗುವ ಗುಲಾಬಿ ಬಣ್ಣದ ಹೂಗೊಂಚಲು ನೋಡಿರುತ್ತೀರಿ. ಅದರ ಬೇರು ಮಣ್ಣಿಗೆ ಇಳಿಯುವುದೇ ಇಲ್ಲ, ತೊಗಟೆಗೆ ಅಂಟಿಕೊಂಡು ಗಾಳಿಯಲ್ಲಿ ಇಳಿಬಿದ್ದಿರುತ್ತದೆ. ಬೇರಿನ ಮೇಲೆ ದಪ್ಪ ಬಿಳಿ ಹೊದಿಕೆ. ಮಳೆ ಬಿದ್ದಾಗ ಅದು ಗಟಗಟ ಕುಡಿದು ಹಸಿರಾಗುತ್ತದೆ, ಗಾಳಿ ಬೀಸಿದ ಮೇಲೆ ಮತ್ತೆ ಬೆಳ್ಳಗಾಗುತ್ತದೆ. ಇಡೀ ಆಷಾಢ ಮಳೆಯಲ್ಲಿ ನೆಂದರೂ ಆ ಗಿಡಕ್ಕೆ ಏನೂ ಆಗುವುದಿಲ್ಲ. ಅದೇ ಗಿಡವನ್ನು ತಂದು ಮುಚ್ಚಿದ ಭರಣಿಯಲ್ಲಿಡಿ, ಮಳೆಗಿಂತ ಕಡಿಮೆ ನೀರಿನಲ್ಲೇ ಬೇರು ಕಪ್ಪಾಗಿ ಕೊಳೆಯುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಗಾಳಿ ಇತ್ತು.

ಪ್ರತಿ ಎಲೆಯ ಮೈಗೆ ಅಂಟಿಕೊಂಡ ಹಾಗೆ ನಿಂತ ಗಾಳಿಯ ತೆಳು ಪದರವೊಂದು ಇರುತ್ತದೆ. ಸಣ್ಣಗೆ ಗಾಳಿ ಆಡಿದರೂ ಆ ಪದರ ಕರಗಿ ಎಲೆಯ ಮೇಲಿನ ಹನಿ ಆರುತ್ತದೆ. ಆಡದಿದ್ದರೆ ಎಲೆ ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೂದು ಬೂಷ್ಟಿಗೆ ಬೇಕಾದದ್ದು ಅದೇ, ಎಲೆಯ ಮೇಲೆ ಆರದೆ ಉಳಿದ ನೀರು. ರಾತ್ರಿ ಇದು ಇನ್ನೂ ಜಾಸ್ತಿ. 30 ಡಿಗ್ರಿ ಬಿಸಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿ ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಅಷ್ಟೇ. ಉಳಿದದ್ದು ಎಲ್ಲಾದರೂ ಕೂರಬೇಕಲ್ಲ, ಗಾಜಿನ ಮೇಲೆ, ಎಲೆಯ ಮೇಲೆ ಹನಿಯಾಗಿ ಕೂರುತ್ತದೆ.

ಅಡಿಕೆ ಬೆಳೆಯುವ ನಮಗೆ ಇದು ಹೊಸ ಮಾತೇನೂ ಅಲ್ಲ. ಕೊಳೆರೋಗ ಬರುವುದು ಬಿಡದೆ ಸುರಿಯುವ ಮಳೆಯಲ್ಲಿ, ಅಡಿಕೆ ಗೊನೆ ಆರಲು ಬಿಡುವೇ ಸಿಗದಿದ್ದಾಗ. ಅದನ್ನು ತರುವ ಫೈಟಾಫ್ತೊರಾ, ಭರಣಿಯಲ್ಲಿ ಬೇರು ಕೊಳೆಸುವ ಪಿಥಿಯಂ, ಎರಡೂ ಒಂದೇ ಬಳಗದವು. ಗೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದ ಹಿರಿಯರು ಮೇಲಿನಿಂದ ಮಳೆ ತಡೆದರೇ ಹೊರತು ಕೆಳಗಿನಿಂದ ಗಾಳಿ ತಡೆಯಲಿಲ್ಲ. ಈಗ ಪ್ಲಾಸ್ಟಿಕ್ ಕಟ್ಟುವವರೂ ಕೆಳಗೆ ತೆರೆದೇ ಬಿಡುತ್ತಾರೆ. ದೊಡ್ಡಬಳ್ಳಾಪುರದ ಕಡೆ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುವವರೂ ಮೇಲೆ ಗಾಳಿಗಂಡಿ, ಪಕ್ಕದಲ್ಲಿ ಸುತ್ತುವ ಪರದೆ ಇಟ್ಟುಕೊಂಡಿರುತ್ತಾರೆ. ಎಕರೆಗಟ್ಟಲೆ ಬೆಳೆಯುವವರು ಗಾಳಿಯ ಲೆಕ್ಕ ಇಡುವಾಗ ಅಂಗೈಯಗಲದ ಭರಣಿಗೆ ಅದು ಬೇಡವೇ?

ನಾನು ಮಾಡುವ ರೀತಿ ಹೇಳುತ್ತೇನೆ, ಬೇಕಾದವರು ಮಾಡಿ ನೋಡಲಿ. ಬಾಯಿ ಅಗಲವಾದ ಭರಣಿ ತೆಗೆದುಕೊಳ್ಳುತ್ತೇನೆ, ಕೈ ಒಳಗೆ ಹೋಗುವಂಥದ್ದು. ಮೀನು ಸಾಕುವ ಗುಂಡು ಗಾಜಿನ ಹಾಗೆ ಕತ್ತು ಕಿರಿದಾದ ಪಾತ್ರೆ ಮುಚ್ಚಳವಿಲ್ಲದಿದ್ದರೂ ತಳದ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ತೆಂಗಿನ ನಾರಿನ ಪುಡಿ, ಸೋಸಿದ ಎಲೆಗೊಬ್ಬರ, ದಪ್ಪ ಮರಳು ಬೆರೆಸಿ, ಕೈಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು ಆದರೆ ನೀರು ತೊಟ್ಟಿಕ್ಕಬಾರದು, ಅಷ್ಟು ಹದ ಮಾಡುತ್ತೇನೆ. ನೀರು ಇಲ್ಲೇ ಹಾಕಿ ಮುಗಿಯಿತು. ಫಿಟ್ಟೋನಿಯಾ, ಪೈಲಿಯಾ, ಸಣ್ಣ ಜಾತಿಯ ಜರಿ, ಪಾಚಿ, ಇಂಥ ತೇವ ಪ್ರೀತಿಯ ಗಿಡಗಳನ್ನು ಮಾತ್ರ ನೆಡುತ್ತೇನೆ. ಎಲೆ ಗಾಜಿಗೆ ತಾಗದ ಹಾಗೆ, ಗಿಡದಿಂದ ಗಿಡಕ್ಕೆ ಬೆರಳು ಆಡುವಷ್ಟು ಜಾಗ ಬಿಟ್ಟು. ಒತ್ತೊತ್ತಾಗಿ ನೆಟ್ಟರೆ ಮೊದಲ ದಿನ ಕಣ್ತುಂಬಾ ಕಾಣುತ್ತದೆ, ಆದರೆ ನಡುವೆ ಗಾಳಿ ನುಗ್ಗುವುದಿಲ್ಲ.

ಆಮೇಲೆ ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಟ್ಟು, ಗಾಜನ್ನು ನೋಡುತ್ತಿರಬೇಕು. ಹೇಳುವುದೆಲ್ಲ ಗಾಜೇ ಹೇಳುತ್ತದೆ. ಬೆಳಿಗ್ಗೆ ಮೇಲ್ಭಾಗದಲ್ಲಿ ತೆಳ್ಳಗೆ ಮಂಜು ಹಿಡಿದು, ಹೊತ್ತೇರುವಾಗ ತಿಳಿಯಾದರೆ ಹದ ಸರಿಯಿದೆ. ಏನೂ ಮಾಡಬೇಡಿ. ಮಧ್ಯಾಹ್ನವೂ ಹನಿಗಳು ಸಾಲುಗಟ್ಟಿ ಇಳಿಯುತ್ತಾ ಒಳಗಿನ ಗಿಡ ಕಾಣದಿದ್ದರೆ ನೀರು ಜಾಸ್ತಿ. ಮುಚ್ಚಳ ತೆಗೆದು, ಒಣ ಹತ್ತಿ ಬಟ್ಟೆಯಿಂದ ಒಳಗಿನ ಗಾಜು ಒರೆಸಿ. ಒರೆಸಿದ ಅಷ್ಟೂ ನೀರು ಭರಣಿಯಿಂದ ಹೊರಗೆ ಬಂತು ಅಂತ ಲೆಕ್ಕ. ಮಂಜು ತೆಳ್ಳಗಾಗುವವರೆಗೆ ದಿನಾ ಸ್ವಲ್ಪ ಹೊತ್ತು ತೆರೆದಿಡಿ. ಎಷ್ಟು ದಿನವಾದರೂ ಮಂಜೇ ಹಿಡಿಯದಿದ್ದರೆ, ಮಣ್ಣು ತಿಳಿ ಬಣ್ಣಕ್ಕೆ ತಿರುಗಿದರೆ, ಆಗ ಒಂದೆರಡು ಚಮಚ ನೀರು ಗಾಜಿನ ಗೋಡೆಗುಂಟ ಇಳಿಸಿ, ಎಲೆಯ ಮೇಲೆ ಬೇಡ. ಬೋರ್‌ವೆಲ್ ನೀರಿಗಿಂತ ಮಳೆನೀರು ಒಳ್ಳೆಯದು. ತೂತಿಲ್ಲದ ಪಾತ್ರೆಯಲ್ಲಿ ಗಡಸು ನೀರಿನ ಉಪ್ಪು ಹೊರಗೆ ಹೋಗುವುದಿಲ್ಲ, ಮಣ್ಣಲ್ಲೇ ಕೂಡುತ್ತಾ ಹೋಗುತ್ತದೆ.

ಮಳೆಗಾಲದ ತೊಡಕು ಬೇರೆ. ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಡಬ್ಬಿಯ ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರೊಡೆಯುತ್ತದೆ. ಅಡುಗೆಮನೆಯ ಉಪ್ಪು ನೀರೊಡೆದಿದ್ದರೆ ಮುಚ್ಚಳ ಸುಮ್ನೆ ತೆರೆದಿಟ್ಟು ಪ್ರಯೋಜನ ಕಡಿಮೆ, ಯಾಕೆಂದರೆ ಹೊರಗಿನ ಗಾಳಿಯೂ ಒಳಗಿನಷ್ಟೇ ಒದ್ದೆ. ಆಗ ಫ್ಯಾನ್ ಇರುವ ಕೋಣೆಯಲ್ಲಿ ಭರಣಿಯ ಬಾಯಿ ತೆರೆದಿಡಿ. ಟೇಬಲ್ ಫ್ಯಾನ್ ಆದರೆ ದೂರದಿಂದ, ನಿಧಾನಕ್ಕೆ. ಮೋಡ ಕವಿದ ದಿನಗಳಲ್ಲಿ ಬೆಳಕೂ ಕಡಿಮೆ, ಗಿಡ ನೀರು ಬಳಸುವುದೂ ಕಡಿಮೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮುಚ್ಚಿದ ಭರಣಿಗಳಿಗೆ ನೀರೇ ಇಲ್ಲ. ಮುಚ್ಚಳದ ಅಂಚಿಗೆ ತೆಂಗಿನ ಗರಿಯ ಕಡ್ಡಿಯ ತುಂಡು ಸಿಕ್ಕಿಸಿ ಎಳೆಯಷ್ಟು ಸಂದಿ ಬಿಟ್ಟಿರುತ್ತೇನೆ.

ಬೆಂಗಳೂರಿನವರಿಗೆ, ಬಯಲುಸೀಮೆಯವರಿಗೆ ಇದೇ ಲೆಕ್ಕ ಹೊಂದುವುದಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಅಲ್ಲಿ ಗಾಳಿ ಒಣಗಿರುತ್ತದೆ. ತೆರೆದ ಭರಣಿಯ ಪಾಚಿ ಬೇಗ ಗರಿಗರಿಯಾಗುತ್ತದೆ, ಅಲ್ಲಿ ಮುಚ್ಚಳ ಉಪಕಾರಿ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ತೇವಕ್ಕಿಂತ ಸೆಕೆಯೇ ಶತ್ರು. ಮನೆಯ ತಂಪು ಮೂಲೆ ಹುಡುಕಬೇಕು. ಒಂದೇ ಚೀಟಿಯನ್ನು ಆಗುಂಬೆಗೂ ಕಲಬುರಗಿಗೂ ಕೊಟ್ಟರೆ ಹೇಗೆ ನಡೆಯುತ್ತದೆ?

ಹೊಸ ಭರಣಿಯಲ್ಲಿ ಮೊದಲ ವಾರಗಳಲ್ಲಿ ಸ್ವಲ್ಪ ಬಿಳಿ ಬೂಷ್ಟು ಬಂದರೆ ಹೆದರಬೇಕಾಗಿಲ್ಲ. ಬಾಡಿದ ಎಲೆ ತೆಗೆದು, ಗಾಳಿ ಕೊಟ್ಟರೆ ಸಾಕು. ಎಲೆಗೊಬ್ಬರದ ಜೊತೆ ಬರುವ, ಮುಟ್ಟಿದರೆ ಚಿಮ್ಮುವ ಬಿಳಿಯ ಸಣ್ಣ ಹುಳಗಳನ್ನು ಕೊಲ್ಲಬೇಡಿ. ಅವು ಬೂಷ್ಟು ತಿನ್ನುತ್ತವೆ. ಮೇಲೆ ಹಾರಾಡುವ ಸಣ್ಣ ಕಪ್ಪು ನೊಣ ಕಂಡರೆ ಮಾತ್ರ ಮಣ್ಣು ತುಂಬಾ ಹಸಿಯಾಗಿದೆ ಅಂತ ತಿಳಿಯಿರಿ.

ಪಾಚಿಯ ವಿಷಯದಲ್ಲಿ ಒಂದು ಬೇಡಿಕೆ. ಘಟ್ಟದ ದಾರಿಯಲ್ಲಿ ಕಾರು ನಿಲ್ಲಿಸಿ ಮರದ ಬುಡದಿಂದ, ಬಂಡೆಯಿಂದ ಪಾಚಿ ಕಿತ್ತು ಚೀಲ ತುಂಬುವವರನ್ನು ನೋಡುತ್ತಿದ್ದೇನೆ. ಸೀತಾಳೆ ದಂಡೆಯನ್ನೂ ಹಾಗೇ ಮರದಿಂದ ಎಬ್ಬಿಸುತ್ತಾರೆ. ದಯವಿಟ್ಟು ಬೇಡ. ಮಳೆಗಾಲದಲ್ಲಿ ನಿಮ್ಮದೇ ಪಾಗಾರದ ಮೇಲೆ, ಬಾವಿಕಟ್ಟೆಯ ಮೇಲೆ ಬೇಕಾದಷ್ಟು ಹಾವಸೆ ಬೆಳೆಯುತ್ತದೆ. ಅಂಗೈಯಗಲದ ತುಂಡು ಭರಣಿಗೆ ಸಾಕು. ಕಾಡಿನ ಪಾಚಿ ಭರಣಿಯಲ್ಲಿ ಹೆಚ್ಚು ದಿನ ನಿಲ್ಲುವುದೂ ಇಲ್ಲ.

ಬಾಟಲಿಯ ನೀರಿನಲ್ಲಿ ಮನಿಪ್ಲಾಂಟ್ ಬಿಟ್ಟವರಿಗೂ ಒಂದು ಮಾತು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ್ದು ನೆನಪಿರಬಹುದು. ಏಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. ವಾರ–ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಮೊಟ್ಟೆ ಅಂಟಿರುವುದು ನೀರಿನ ಅಂಚಿನ ಗಾಜಿಗೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಲೇಬೇಕು.

ಬ್ಯಾಂಕಿನ ಹುಡುಗಿಯ ಭರಣಿಯಲ್ಲಿ ಎಚೆವೇರಿಯಾದ ಬುಡ ಹೋಗಿತ್ತು. ಮೇಲಿನ ಗಟ್ಟಿ ಎಲೆಗಳನ್ನು ಬಿಡಿಸಿ, ಒಣ ಮರಳಿನ ಮೇಲೆ ಮಲಗಿಸಿ, ಮಣ್ಣಿನ ಸಣ್ಣ ಕುಂಡದಲ್ಲಿ ಕೊಟ್ಟು ಕಳಿಸಿದೆ. ಮೊಳಕೆ ಬಂದೇ ಬರುತ್ತದೆ. ಫಿಟ್ಟೋನಿಯಾದ ಎರಡು ತುದಿ ಚೆನ್ನಾಗಿದ್ದವು, ಅವನ್ನು ಹೊಸ ಮಣ್ಣಿನಲ್ಲಿ ಅದೇ ಭರಣಿಗೆ ನೆಟ್ಟೆವು. ಗಾಜನ್ನು ಬಿಸಿನೀರು, ಸೋಪು ಹಾಕಿ ತೊಳೆದದ್ದು ಅವಳೇ.

ಭರಣಿ ಮಾರುವ ನನ್ನಂಥವರೆಲ್ಲರಲ್ಲಿ ನನ್ನ ಕೋರಿಕೆ ಇದು. ಪ್ರತಿ ಭರಣಿಯ ಜೊತೆ ಕನ್ನಡದಲ್ಲಿ ಒಂದು ಚೀಟಿ ಕೊಡಿ. ಒಳಗಿರುವ ಗಿಡ ಯಾವುದು, ಮುಚ್ಚಳ ಹಾಕಬೇಕಾ ತೆಗೆದಿಡಬೇಕಾ, ಗಾಜು ಹೇಗೆ ಕಂಡಾಗ ನೀರು ಕೊಡಬೇಕು, ಮಳೆಗಾಲದಲ್ಲಿ ಏನು ಮಾಡಬೇಕು, ಇಷ್ಟು ಬರೆದರೆ ಸಾಕು. ಸಕ್ಯುಲೆಂಟ್ ಮತ್ತು ಪಾಚಿಯನ್ನು ಒಂದೇ ಭರಣಿಯಲ್ಲಿ ಮಾರುವುದನ್ನು ನಿಲ್ಲಿಸಿ. ಕೊಳ್ಳುವವರು ಕೇಳಿದರೂ ಬೇಡ ಅನ್ನಿ. ನಾನು ಅನ್ನುತ್ತೇನೆ, ವ್ಯಾಪಾರ ಏನೂ ನಿಂತಿಲ್ಲ. ಹತ್ತಾರು ಜನಕ್ಕೆ ಉಡುಗೊರೆ ಕೊಡುವವರು ಗಾಜೇ ಬೇಕು ಅನ್ನದೆ ತೂತಿರುವ ಮಣ್ಣಿನ ಪುಟ್ಟ ಕುಂಡದಲ್ಲಿ ಸಕ್ಯುಲೆಂಟ್ ಕೊಡಬಹುದು. ಬೆಲೆಯೂ ಕಡಿಮೆ.

ತಮ್ಮಲ್ಲಿ ಕೇಳುವುದೂ ಒಂದಿದೆ. ಆ ಚೌಕದ ಮೂರು ಸಲಹೆಗಳನ್ನು ಮುಂದಿನ ಪುರವಣಿಯಲ್ಲಿ ತಿದ್ದಿ ಹಾಕಿ. ತಮ್ಮ ಪತ್ರಿಕೆಯಲ್ಲಿ ಬಂದದ್ದನ್ನು ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ನನ್ನ ಅತ್ತೆಯವರ ಪೆಟ್ಟಿಗೆಯಲ್ಲಿ ಅಂಥ ಕಟ್ಟೇ ಇದೆ. ಪುನರ್ವಸು ಮಳೆ ಜೋರಾಗುವ ಮೊದಲೇ ತಿದ್ದುಪಡಿ ಬಂದರೆ ತುಂಬಾ ಉಪಕಾರವಾಗುತ್ತದೆ.

ಇಂತಿ,
ನರ್ಸರಿ ನಡೆಸುವ ಒಬ್ಬ ಓದುಗಳು,
ಶಿರಸಿ ತಾಲ್ಲೂಕು